ಮನೆಯ ಮರಗೆಲಸದ ಕೋಣೆಗೆ ಸೈಕ್ಲೋನ್ ಡಸ್ಟ್ ಕಲೆಕ್ಟರ್: 2 ಎಚ್‌ಪಿ ಸಾಕಾ, 3 ಬೇಕಾ?

ಹೊಸಗರಗಸ:

ಎಲ್ಲರಿಗೂ ನಮಸ್ಕಾರ. ಗಾಳಿಯನ್ನು ಸುತ್ತಿಸಿ ಮರದ ಪುಡಿಯನ್ನು ಬೇರೆ ಮಾಡುವ ಸೈಕ್ಲೋನ್ ಕಲೆಕ್ಟರ್ ತಗೊಳ್ಳೋಣ ಅಂತಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕೋಣೆ 14 ಅಡಿ ಅಗಲ, 20 ಅಡಿ ಉದ್ದ. ಸೂರು 8 ಅಡಿ ಎತ್ತರ. 10 ಇಂಚಿನ ಟೇಬಲ್ ಸಾ, 12 ಇಂಚಿನ ಪ್ಲೇನರ್, 14 ಇಂಚಿನ ಬ್ಯಾಂಡ್ ಸಾ, ರೌಟರ್ ಟೇಬಲ್, ಕೈಯಲ್ಲಿ ಹಿಡಿಯುವ ಸ್ಯಾಂಡರ್ ಇವೆ. ಈಗಿರುವುದು ಬಟ್ಟೆ ಚೀಲದ ಹಳೇ ಕಲೆಕ್ಟರ್. ಚಕ್ಕೆಯನ್ನೆಲ್ಲ ಚೆನ್ನಾಗಿಯೇ ಎಳೆಯುತ್ತದೆ. ನೆಲ ನೋಡಿದರೆ ಸ್ವಚ್ಛ. ಆದರೆ ಬಾಗಿಲಿನ ಚೌಕಟ್ಟಿನ ಮೇಲೆ ಬೆರಳಾಡಿಸಿದರೆ ನಯವಾದ ಪುಡಿ ಅಂಟುತ್ತದೆ. ಎಣ್ಣೆ ಸವರಿಟ್ಟ ಕ್ಲ್ಯಾಂಪಿನ ಸ್ಕ್ರೂಗಳಲ್ಲಿ ಅದೇ ಪುಡಿ ಎಣ್ಣೆ ಕುಡಿದು ಕಂದು ಪೇಸ್ಟ್ ಆಗಿ ಕೂತಿದೆ. ಎಂಡಿಎಫ್ (ಮರದ ನಾರಿನ ಪುಡಿಯನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಕೊಯ್ದ ದಿನ ರಾತ್ರಿಯೆಲ್ಲ ಮೂಗು ಕಟ್ಟಿರುತ್ತದೆ.

ನನ್ನ ಪ್ರಶ್ನೆ: 2 ಎಚ್‌ಪಿ ಸಾಕಾಗುತ್ತಾ, 3ಕ್ಕೆ ಹೋಗಬೇಕಾ? ಪೈಪ್ 4 ಇಂಚಿನದೋ 6 ಇಂಚಿನದೋ? 8 ಅಡಿ ಸೂರಿನ ಕೆಳಗೆ ಸೈಕ್ಲೋನ್ ಹಿಡಿಸುತ್ತಾ?

ಗಾಳಿಲೆಕ್ಕ:

ಎಚ್‌ಪಿಯಿಂದ ಶುರು ಮಾಡಬೇಡಿ. ಧೂಳು ಹುಟ್ಟುವ ಜಾಗದಿಂದ ಶುರು ಮಾಡಿ, ಹಿಂದಕ್ಕೆ ಬನ್ನಿ. ಮೊದಲು ಗರಗಸದ ಬಾಯಿ, ಆಮೇಲೆ ಪೈಪ್, ಆಮೇಲೆ ಬ್ಲೋವರ್ (ಗಾಳಿ ಎಳೆಯುವ ಫ್ಯಾನ್), ಕೊನೆಗೆ ಫಿಲ್ಟರ್. ಸೈಕ್ಲೋನ್ ಇವುಗಳ ನಡುವೆ ಇರುವ ಒಂದು ಭಾಗ ಅಷ್ಟೇ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಇಲ್ಲೇ ಬಹಳ ಜನ ದಾರಿ ತಪ್ಪುವುದು. ಗಾಳಿ ಪಕ್ಕದಿಂದ ನುಗ್ಗಿ ಸೈಕ್ಲೋನಿನ ಡ್ರಮ್ಮಿನೊಳಗೆ ಸುತ್ತುತ್ತದೆ. ಭಾರದ ಕಣಗಳು ಗೋಡೆಯ ಕಡೆಗೆ ಸರಿದು, ಶಂಕುವಿನ ಗುಂಟ ಕೆಳಗಿಳಿದು ತೊಟ್ಟಿಗೆ ಬೀಳುತ್ತವೆ. ಗಾಳಿ ಮಾತ್ರ ನಡುವಿನ ಕೊಳವೆಯಿಂದ ಮೇಲೇರಿ ಬ್ಲೋವರ್‌ಗೆ, ಅಲ್ಲಿಂದ ಫಿಲ್ಟರ್‌ಗೆ ಹೋಗುತ್ತದೆ. ಚಕ್ಕೆ ಮತ್ತು ದಪ್ಪ ಪುಡಿಯ ಬಹುಪಾಲು ತೊಟ್ಟಿಯಲ್ಲೇ ಉಳಿಯುತ್ತದೆ. ಆದರೆ ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಗಾತ್ರದ ಕಣಗಳು ಗಾಳಿಯ ಜೊತೆಗೇ ಮೇಲೆ ಹೋಗಿಬಿಡುತ್ತವೆ. ಅವನ್ನು ಹಿಡಿಯುವುದು ಫಿಲ್ಟರ್. ಅಂದರೆ ಸೈಕ್ಲೋನ್ ಕಾಪಾಡುವುದು ಫಿಲ್ಟರನ್ನು. ನಿಮ್ಮ ಶ್ವಾಸಕೋಶವನ್ನು ಕಾಪಾಡುವುದು ಗಾಳಿಯ ಪ್ರಮಾಣ ಮತ್ತು ಫಿಲ್ಟರ್.

ಈ ತಂತ್ರ ಹಳೆಯದು. ಅಮೆರಿಕದ ಜಾನ್ ಫಿಂಚ್ ಇದಕ್ಕೆ ಪೇಟೆಂಟ್ ಪಡೆದದ್ದು 1885ರಲ್ಲಿ. ಅಂದಿನಿಂದ ಮೂಲ ಆಕಾರ ಹೆಚ್ಚು ಬದಲಾಗಿಲ್ಲ. ಹಾಗಾಗಿ ಹೊಸ ಹೆಸರಿನ ‘ಟೆಕ್ನಾಲಜಿ’ ನೋಡಿ ಮರುಳಾಗಬೇಕಿಲ್ಲ.

ಈಗ ಪೈಪ್. ಮರದ ಪುಡಿ ದಾರಿಯಲ್ಲಿ ಕೂರದೆ ಸಾಗಬೇಕಾದರೆ ಗಾಳಿ ನಿಮಿಷಕ್ಕೆ ಸುಮಾರು 4000 ಅಡಿ ವೇಗದಲ್ಲಿ ಹೋಗಬೇಕು. ಆ ವೇಗದಲ್ಲಿ 4 ಇಂಚಿನ ಪೈಪಿನಲ್ಲಿ ಹರಿಯುವುದು 350 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 350 ಘನ ಅಡಿ. 5 ಇಂಚಿನಲ್ಲಿ 545. 6 ಇಂಚಿನಲ್ಲಿ 785. ವ್ಯಾಸ ಒಂದೂವರೆ ಪಟ್ಟಾದರೆ ಗಾಳಿ ಎರಡೂಕಾಲು ಪಟ್ಟು. 4 ಇಂಚಿನ ಉದ್ದ ಪೈಪಿಗೆ ದೊಡ್ಡ ಬ್ಲೋವರ್ ಕೂರಿಸುವುದು ಸ್ಟ್ರಾ ಹಾಕಿ ಬಾವಿ ನೀರು ಎತ್ತಿದ ಹಾಗೆ. ವೇಗ ಏರಿದಂತೆ ತಡೆ ಅದರ ವರ್ಗದಷ್ಟು ಏರುತ್ತದೆ, ಗಾಳಿ 400ರ ಆಸುಪಾಸಿಗೇ ನಿಲ್ಲುತ್ತದೆ.

ಹಾಗಾಗಿ 6 ಇಂಚು. ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಅದು.

ತೇಗದಹಲಗೆ:

ಗಾಳಿಲೆಕ್ಕ ಸರ್ ಹೇಳಿದ ಲೆಕ್ಕ ಸರಿ. ಆದರೂ ಇನ್ನೊಂದು ಕಡೆಯ ಮಾತೂ ಇರಲಿ ಅಂತ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರುವುದು 1.5 ಎಚ್‌ಪಿ ಕಲೆಕ್ಟರ್, ಅದರ ಮುಂದೆ ಒಂದು ಸೆಪರೇಟರ್, 4 ಇಂಚಿನ ಒಂದೇ ಹೋಸ್. ಮನೆಯಿಡೀ ಪೈಪ್ ಎಳೆದಿಲ್ಲ. ಯಾವ ಮೆಷಿನ್ ಹತ್ತಿರ ಕೆಲಸವೋ ಅಲ್ಲಿಗೆ ಕಲೆಕ್ಟರನ್ನೇ ಉರುಳಿಸಿಕೊಂಡು ಹೋಗುತ್ತೇನೆ. ಹೋಸ್ 5 ಅಡಿಗಿಂತ ಉದ್ದ ಇಲ್ಲ. ಪ್ಲೇನರ್ ಚಕ್ಕೆ ಒಂದೂ ಹೊರಗೆ ಬೀಳುವುದಿಲ್ಲ. ಎಲ್ಲರಿಗೂ ದೊಡ್ಡ ಸೈಕ್ಲೋನ್ ಹಾಕುವ ಶಕ್ತಿ ಇರುವುದಿಲ್ಲ, ಅಷ್ಟು ಕರೆಂಟ್ ಲೈನೂ ಇರುವುದಿಲ್ಲ. ಚಿಕ್ಕದರಲ್ಲಿ ಶುರು ಮಾಡಿದರೆ ತಪ್ಪೇನಿಲ್ಲ ಅಲ್ವಾ?

ಗಾಳಿಲೆಕ್ಕ:

ತಪ್ಪಿಲ್ಲ. ಹೋಸ್ ಗಿಡ್ಡ ಇಟ್ಟಿದ್ದೀರಲ್ಲ, ಅದು ಬಹಳ ಒಳ್ಳೆಯ ಕ್ರಮ. ಸುಕ್ಕು ಹೋಸ್ ನಯವಾದ ಪೈಪಿಗಿಂತ ಎರಡು ಮೂರು ಪಟ್ಟು ತಡೆ ಒಡ್ಡುತ್ತದೆ. ಅದನ್ನು ಗಿಡ್ಡ ಮಾಡುವಷ್ಟು ಅಗ್ಗದ ಸುಧಾರಣೆ ಇನ್ನೊಂದಿಲ್ಲ.

ಆದರೆ ಚಕ್ಕೆ ಎಳೆಯುವುದು ಬೇರೆ, ಸಣ್ಣ ಧೂಳು ಹಿಡಿಯುವುದು ಬೇರೆ. ಪ್ಲೇನರ್ ಎಲ್ಲ ಕಡೆ ಮುಚ್ಚಿರುತ್ತದೆ, ಚಕ್ಕೆಯನ್ನು ತಾನೇ ಹೋಸಿನ ಕಡೆಗೆ ಎಸೆಯುತ್ತದೆ. ಅಲ್ಲಿ 400 ಸಿಎಫ್‌ಎಂ ಸಾಕು. ಟೇಬಲ್ ಸಾ ಹಾಗಲ್ಲ. ಬ್ಲೇಡಿನ ಹಲ್ಲು ಸಣ್ಣ ಪುಡಿಯನ್ನು ಮೇಜಿನ ಮೇಲಕ್ಕೆ, ನಿಮ್ಮ ಎದೆಯ ಕಡೆಗೆ ಎಸೆಯುತ್ತದೆ. ಬ್ಲೇಡಿನ ಸುತ್ತಲಿನ ಗಾಳಿಯನ್ನೇ ಹೋಸಿನ ಕಡೆ ತಿರುಗಿಸಿದರೆ ಮಾತ್ರ ಅದು ಸಿಗುವುದು. ಅದಕ್ಕೆ ಪ್ರಮಾಣ ಬೇಕು. ಸೈಕ್ಲೋನ್ ವಿನ್ಯಾಸದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಬಿಲ್ ಪೆಂಟ್ಜ್ ದೊಡ್ಡ ಮೆಷಿನ್‌ಗಳಿಗೆ 1000 ಸಿಎಫ್‌ಎಂವರೆಗೂ ಬೇಕು ಅನ್ನುತ್ತಾರೆ. ಮನೆಯಲ್ಲಿ ಅಷ್ಟು ಮುಟ್ಟುವುದು ಕಷ್ಟ. 700–800 ಸಿಕ್ಕರೂ ದೊಡ್ಡ ವ್ಯತ್ಯಾಸ ಕಾಣುತ್ತದೆ.

ತೇಗದಹಲಗೆ:

ಒಪ್ಪಿದೆ. ಆದರೆ ಟೇಬಲ್ ಸಾ ಇಲ್ಲದೆ ಕೈಗರಗಸ, ಪ್ಲೇನರ್, ಬ್ಯಾಂಡ್ ಸಾಗಳಲ್ಲೇ ಕೆಲಸ ಮುಗಿಸುವವರಿಗೆ ನನ್ನ ವ್ಯವಸ್ಥೆ ಸಾಕು ಅಂತ ಈಗಲೂ ಅನ್ನುತ್ತೇನೆ. ಜೊತೆಗೆ ಮಾಸ್ಕ್ ಹಾಕುತ್ತೇನೆ, ಅದನ್ನು ಬಿಟ್ಟಿಲ್ಲ.

ಹೊಸಗರಗಸ:

ಇಬ್ಬರಿಗೂ ಧನ್ಯವಾದ. ಒಂದು ಅರ್ಥ ಆಗಲಿಲ್ಲ. ನಾನು ನೋಡಿದ 2 ಎಚ್‌ಪಿ ಸೈಕ್ಲೋನಿನ ಡಬ್ಬದ ಮೇಲೆ 1400 ಸಿಎಫ್‌ಎಂ ಅಂತಲೇ ಬರೆದಿದೆ. ನಮಗೆ ಬೇಕಾದ್ದು 800. ಹಾಗಿದ್ದರೆ ಅದೇ ಧಾರಾಳವಾಯಿತಲ್ಲ?

ಗಾಳಿಲೆಕ್ಕ:

ಆ ಸಂಖ್ಯೆ ಸಾಮಾನ್ಯವಾಗಿ ಬ್ಲೋವರನ್ನು ಬರಿದಾಗಿ ಓಡಿಸಿ ಅಳೆದದ್ದು. ಪೈಪ್ ಇಲ್ಲ, ಫಿಲ್ಟರ್ ಇಲ್ಲ, ಎಷ್ಟೋ ಸಲ ಸೈಕ್ಲೋನೂ ಇಲ್ಲ. ಎಲ್ಲ ಜೋಡಿಸಿದ ಮೇಲೆ ಅದರ ಅರ್ಧ ಸಿಕ್ಕರೆ ಖುಷಿಪಡಿ.

ಕೇಳಬೇಕಾದ್ದು ಫ್ಯಾನ್ ಕರ್ವ್. ಎಷ್ಟು ತಡೆಗೆ ಎಷ್ಟು ಗಾಳಿ ಅಂತ ತೋರಿಸುವ ಗೆರೆ ಅದು. ತಡೆಯನ್ನು ನೀರಿನ ಇಂಚುಗಳಲ್ಲಿ, ಅಂದರೆ ಆ ಒತ್ತಡ ನೀರನ್ನು ಎಷ್ಟು ಇಂಚು ಎತ್ತಬಲ್ಲದು ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ. ಸೈಕ್ಲೋನ್ ಒಂದೇ 2ರಿಂದ 4 ಇಂಚು ತಿನ್ನುತ್ತದೆ. ಪೈಪ್, ತಿರುವು, ಹೋಸ್, ಫಿಲ್ಟರ್ ಎಲ್ಲ ಸೇರಿ ಮನೆಯ ವ್ಯವಸ್ಥೆಯಲ್ಲಿ 7–8 ಇಂಚಿಗೆ ಹೋಗುವುದು ಮಾಮೂಲು. ಆ 8 ಇಂಚಿನ ಜಾಗದಲ್ಲಿ ಕರ್ವ್ ಎಷ್ಟು ಸಿಎಫ್‌ಎಂ ತೋರಿಸುತ್ತದೆ ನೋಡಿ. ಅದೇ ನಿಮ್ಮ ನಿಜವಾದ ಸಂಖ್ಯೆ. ಕರ್ವ್ ಕೊಡದ ಮಾರಾಟಗಾರರಿದ್ದರೆ ಮುಂದಿನದನ್ನು ನೋಡಿ.

ಇಂಪೆಲ್ಲರ್, ಅಂದರೆ ಒಳಗಿನ ಫ್ಯಾನ್ ಚಕ್ರ, ಅದರ ವ್ಯಾಸವನ್ನೂ ಕೇಳಿ. ಎಚ್‌ಪಿ ಎಷ್ಟಾದರೂ ಬರೆಯಬಹುದು, ಚಕ್ರದ ಅಳತೆ ಸುಳ್ಳು ಹೇಳುವುದಿಲ್ಲ. 1.5–2 ಎಚ್‌ಪಿಗಳಲ್ಲಿ ಸಾಮಾನ್ಯವಾಗಿ 12–13 ಇಂಚು, 3 ಎಚ್‌ಪಿಯಲ್ಲಿ 14–15 ಇಂಚು ಇರುತ್ತದೆ. ಸೈಕ್ಲೋನ್ ತಿನ್ನುವ ತಡೆಯನ್ನು ಮೀರಿ ಎಳೆಯಲು 14 ಇಂಚಾದರೂ ಇರಲಿ ಅಂತ ನನ್ನ ಅಭಿಪ್ರಾಯ.

ತಂತಿಮೋಟರ್:

ಇಲ್ಲಿ ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. ನಿಮ್ಮ ಕರೆಂಟ್ 50 ಹರ್ಟ್ಜ್‌ನದೋ 60 ಹರ್ಟ್ಜ್‌ನದೋ?

60 ಹರ್ಟ್ಜ್‌ನಲ್ಲಿ ಈ ಮೋಟರ್‌ಗಳು ನಿಮಿಷಕ್ಕೆ ಸುಮಾರು 3450 ಸುತ್ತು ಸುತ್ತುತ್ತವೆ. 50 ಹರ್ಟ್ಜ್‌ನಲ್ಲಿ ಸುಮಾರು 2850. ಗಾಳಿಯ ಪ್ರಮಾಣ ವೇಗದ ಜೊತೆ ಇಳಿಯುತ್ತದೆ, ಒತ್ತಡ ವೇಗದ ವರ್ಗದ ಜೊತೆ, ಬೇಕಾದ ಶಕ್ತಿ ಅದರ ಘನದ ಜೊತೆ. ಲೆಕ್ಕ ಹಾಕಿ. ಅದೇ ಚಕ್ರವನ್ನು 50 ಹರ್ಟ್ಜ್‌ನಲ್ಲಿ ಓಡಿಸಿದರೆ ಗಾಳಿ 83 ಶೇಕಡಾಕ್ಕೆ, ಎಳೆತ 70ರ ಒಳಕ್ಕೆ ಬರುತ್ತದೆ. ಕ್ಯಾಟಲಾಗಿನಲ್ಲಿ ಕೊಟ್ಟ ಕರ್ವ್ 60 ಹರ್ಟ್ಜ್‌ನದಾಗಿದ್ದು ನಿಮ್ಮ ಲೈನ್ 50 ಹರ್ಟ್ಜ್ ಆಗಿದ್ದರೆ, ಆ ಕರ್ವ್ ನಿಮ್ಮದಲ್ಲ. 50 ಹರ್ಟ್ಜ್‌ಗೆ ಅಂತಲೇ ದೊಡ್ಡ ಚಕ್ರ ಹಾಕಿ ಕೊಡುತ್ತಾರಾ ಅಂತ ಬರವಣಿಗೆಯಲ್ಲಿ ಕೇಳಿಕೊಳ್ಳಿ.

ತ್ರೀ ಫೇಸ್ ಮೋಟರ್ ಇದ್ದು ವಿಎಫ್‌ಡಿ (ಹರ್ಟ್ಜ್ ಬದಲಿಸಿ ಮೋಟರ್ ವೇಗ ಹೊಂದಿಸುವ ಸಾಧನ) ಹಾಕಿದರೆ ವೇಗ ಏರಿಸಬಹುದು. ಆದರೆ ಚಕ್ರಕ್ಕೆ ಹೇಳಿದ ಗರಿಷ್ಠ ವೇಗ ದಾಟಬಾರದು, ಚಕ್ರ ಸಿಡಿದರೆ ಅನಾಹುತ. ತ್ರೀ ಫೇಸ್‌ನಲ್ಲಿ ಇನ್ನೊಂದು ಪರೀಕ್ಷೆ ಮಾಡಲೇಬೇಕು. ವೈರ್ ಅದಲು ಬದಲಾದರೆ ಚಕ್ರ ಹಿಮ್ಮುಖ ತಿರುಗುತ್ತದೆ. ಆಗಲೂ ಗಾಳಿ ಎಳೆಯುತ್ತದೆ, ಆದರೆ ಬಹಳ ಕಮ್ಮಿ. ಎಳೆಯುತ್ತಿದೆ ಅನ್ನುವ ಕಾರಣಕ್ಕೇ ಯಾರೂ ಅನುಮಾನ ಪಡುವುದಿಲ್ಲ. ಮೋಟರ್ ನಿಲ್ಲುವಾಗ ಚಕ್ರ ಯಾವ ಕಡೆ ತಿರುಗುತ್ತಿದೆ ಅಂತ ಬಾಣದ ಗುರುತಿನ ಜೊತೆ ಹೋಲಿಸಿ ನೋಡಿ.

3 ಎಚ್‌ಪಿ ಅಂದರೆ ಸುಮಾರು 2.2 ಕಿಲೋವಾಟ್. ಶುರುವಾಗುವಾಗ ಎಳೆಯುವ ಕರೆಂಟ್ ಇದರ ಹಲವು ಪಟ್ಟು. ಗರಗಸವೂ ಇದೂ ಒಟ್ಟಿಗೆ ಓಡಬೇಕಲ್ಲ, ಹಾಗಾಗಿ ಇದಕ್ಕೆ ಪ್ರತ್ಯೇಕ ಲೈನ್, ಪ್ರತ್ಯೇಕ ಬ್ರೇಕರ್ ಇರಲಿ.

ಇನ್ನೊಂದು. ಪ್ರತಿ ಮೆಷಿನ್‌ನ ಪೈಪಿನಲ್ಲಿ ಗಾಳಿ ತಡೆಯಲು ಇರುವ ಗೇಟೆಲ್ಲ ಮುಚ್ಚಿದರೆ ಮೋಟರ್‌ಗೆ ಭಾರ ಜಾಸ್ತಿ ಅಂತ ತುಂಬಾ ಜನ ನಂಬಿದ್ದಾರೆ. ಈ ಥರದ ಬ್ಲೋವರ್‌ನಲ್ಲಿ ಆಗುವುದು ತದ್ವಿರುದ್ಧ. ಗಾಳಿ ಕಮ್ಮಿ ಆದರೆ ಕೆಲಸ ಕಮ್ಮಿ, ಕರೆಂಟೂ ಕಮ್ಮಿ. ಪೈಪ್, ಫಿಲ್ಟರ್ ಏನೂ ಇಲ್ಲದೆ ಬರಿದಾಗಿ ಓಡಿಸಿದಾಗಲೇ ಅದು ಅತಿ ಹೆಚ್ಚು ಆಂಪ್ ಎಳೆಯುವುದು. ಪೈಪ್ ಹಾಕುವ ಮುಂಚೆ ಹೊಸ ಮೋಟರನ್ನು ಟೆಸ್ಟ್ ಅಂತ ತುಂಬಾ ಹೊತ್ತು ಓಡಿಸಬೇಡಿ.

ಉಸಿರುಮುಖ್ಯ:

ಹೊಸಗರಗಸ ಅವರೇ, ನೀವು ಬರೆದ ಎರಡು ಸಾಲು ನನ್ನನ್ನು ಹಿಡಿದು ನಿಲ್ಲಿಸಿದವು. ಬಾಗಿಲ ಚೌಕಟ್ಟಿನ ಮೇಲಿನ ಪುಡಿ, ಎಂಡಿಎಫ್ ಕೊಯ್ದ ರಾತ್ರಿ ಮೂಗು ಕಟ್ಟುವುದು. ಬ್ಲೋವರ್ ಮಾತು ಸಾಕಷ್ಟಾಯಿತು, ನಾನು ಫಿಲ್ಟರ್ ಬಗ್ಗೆ ಹೇಳುತ್ತೇನೆ.

ತಲೆಕೂದಲು 50ರಿಂದ 100 ಮೈಕ್ರಾನ್ ದಪ್ಪ ಇರುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣಗಳು 10 ಮೈಕ್ರಾನ್‌ಗಿಂತಲೂ ಸಣ್ಣವು. ಕಣ್ಣಿಗೆ ಕಾಣುವುದಿಲ್ಲ. 10 ಮೈಕ್ರಾನ್ ಕಣ ಎದೆ ಎತ್ತರದಿಂದ ನೆಲ ಮುಟ್ಟಲು ಕೆಲವು ನಿಮಿಷ ಸಾಕು. 1 ಮೈಕ್ರಾನ್ ಕಣ ಗಂಟೆಗಟ್ಟಲೆ ತೇಲುತ್ತಲೇ ಇರುತ್ತದೆ. ಕೆಲಸ ಮುಗಿಸಿ ಮಾಸ್ಕ್ ತೆಗೆದು ಗುಡಿಸುವಾಗ ನೀವು ಉಸಿರಾಡುವುದು ಅದನ್ನೇ.

ಹಳೇ ಬಟ್ಟೆ ಚೀಲಗಳಲ್ಲಿ ಎಷ್ಟೋ 30 ಮೈಕ್ರಾನ್‌ನವು. ಚೀಲದ ಒಳಗೆ ಪುಡಿ ಮೆತ್ತಿಕೊಂಡ ಮೇಲೆ ಸ್ವಲ್ಪ ಚೆನ್ನಾಗಿ ಹಿಡಿಯುತ್ತವೆ, ನಿಜ. ಆದರೂ ಅತಿ ಸಣ್ಣದನ್ನು ನೆಲದ ಬಳಿಯಿಂದ ಎತ್ತಿ ಕೋಣೆಯ ತುಂಬಾ ಹರಡುವ ಯಂತ್ರವೇ ಅದು. ನಿಮ್ಮ ಬಾಗಿಲ ಚೌಕಟ್ಟಿನ ಮೇಲಿನ ಪುಡಿಯಲ್ಲಿ ಚೀಲ ತೂರಿ ಬಂದದ್ದೂ ಇದ್ದೇ ಇರುತ್ತದೆ.

ಇದು ಹೆದರಿಸುವ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಮರದ ಧೂಳನ್ನು 1995ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗು ಮತ್ತು ಅದರ ಸುತ್ತಲಿನ ಸೈನಸ್‌ಗಳ ಕ್ಯಾನ್ಸರ್. ಕೆಲಸದ ಜಾಗದ ಗಾಳಿಯಲ್ಲಿ ಒಂದು ಘನ ಮೀಟರ್‌ಗೆ 1 ಮಿಲಿಗ್ರಾಂ ಮೀರಬಾರದು ಅಂತ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ನಿಯೋಶ್ ಶಿಫಾರಸು ಮಾಡುತ್ತದೆ. ಒಂದು ಘನ ಮೀಟರ್ ಗಾಳಿಗೆ ಒಂದು ಮಿಲಿಗ್ರಾಂ ಎಷ್ಟು ಚಿಕ್ಕದು ಯೋಚನೆ ಮಾಡಿ.

ಹಾಗಾಗಿ ಮಡಿಕೆ ಮಡಿಕೆಯಾಗಿರುವ ಕಾರ್ಟ್ರಿಡ್ಜ್ ಫಿಲ್ಟರ್ ತಗೊಳ್ಳಿ. ‘1 ಮೈಕ್ರಾನ್’ ಅಂತ ಬರೆದಿದ್ದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಆ ಗಾತ್ರದಲ್ಲಿ ಶೇಕಡಾ ಎಷ್ಟು ಹಿಡಿಯುತ್ತದೆ ಅಂತ ಕೇಳಿ. ಹೆಪಾ ಅಂದರೆ 0.3 ಮೈಕ್ರಾನ್‌ನಲ್ಲಿ 99.97 ಶೇಕಡಾ ಅನ್ನುವ ನಿರ್ದಿಷ್ಟ ಅರ್ಥ ಇದೆ. ‘ಹೆಪಾ ಮಾದರಿ’ ಅನ್ನುವುದಕ್ಕೆ ಯಾವ ಅರ್ಥವೂ ಇಲ್ಲ. ಮಡಿಕೆಗಳ ಒಟ್ಟು ವಿಸ್ತೀರ್ಣ ಹೆಚ್ಚಿದ್ದಷ್ಟೂ ಒಳ್ಳೆಯದು, ಗಾಳಿಗೆ ತಡೆ ಕಮ್ಮಿ.

ಕೋಣೆಯಲ್ಲಿ ಒಂದು ಪಿಎಂ 2.5 ಮೀಟರ್ (ಗಾಳಿಯಲ್ಲಿರುವ 2.5 ಮೈಕ್ರಾನ್‌ವರೆಗಿನ ಸಣ್ಣ ಕಣಗಳನ್ನು ಅಳೆಯುವುದು) ಇಡಿ. ಮರದ ಧೂಳಿಗೆ ಅದು ಪಕ್ಕಾ ಅಳತೆ ಕೊಡುವುದಿಲ್ಲ. ಆದರೆ ಏರಿತೋ ಇಳಿಯಿತೋ ಅಂತ ಚೆನ್ನಾಗಿ ತೋರಿಸುತ್ತದೆ. ಸೈಕ್ಲೋನ್ ಹಾಕುವ ಮುಂಚೆ ಒಂದಷ್ಟು ದಿನ ಬರೆದಿಡಿ. ಆಮೇಲೆ ಹೋಲಿಸಬಹುದು.

ಹೊಸಗರಗಸ:

ಮೇಡಂ, ಓದಿ ನಿಜಕ್ಕೂ ಯೋಚನೆಗೆ ಬಿದ್ದೆ. ಮೀಟರ್ ಮೊದಲು ತರುತ್ತೇನೆ. ಫಿಲ್ಟರೇ ಬೇಡ, ಗಾಳಿಯನ್ನು ಹೊರಗೆ ಬಿಟ್ಟರೆ ಹೇಗೆ? ಒಂದು ಗೋಡೆ ಬಯಲಿನ ಕಡೆಗಿದೆ.

ಉಸಿರುಮುಖ್ಯ:

ಹೊರಗೆ ಬಿಡುವುದು ಒಳ್ಳೆಯ ದಾರಿ. ಫಿಲ್ಟರಿನ ತಡೆಯೂ ಇರುವುದಿಲ್ಲ. ಆದರೆ ನಿಮಿಷಕ್ಕೆ 800 ಘನ ಅಡಿ ಹೊರಗೆ ಹೋದರೆ ಅಷ್ಟೇ ಗಾಳಿ ಒಳಗೆ ಬರಲೇಬೇಕು. ಕಿಟಕಿ ತೆರೆದಿರಬೇಕು. ಅದೇ ಕಟ್ಟಡದಲ್ಲಿ ಗ್ಯಾಸ್ ಗೀಸರ್ ಅಥವಾ ಚಿಮಣಿ ಇರುವ ಒಲೆ ಇದ್ದರೆ ಬಹಳ ಎಚ್ಚರ. ಬ್ಲೋವರ್ ಚಿಮಣಿಯ ಹೊಗೆಯನ್ನು ಹಿಂದಕ್ಕೆ ಎಳೆದು ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬಬಹುದು. ಶಬ್ದವೂ ಹೊರಗೆ ಹೋಗುತ್ತದೆ, ಅಕ್ಕಪಕ್ಕದವರನ್ನೂ ನೆನೆಯಿರಿ.

ಎಂಟಡಿಸೂರು:

ನನ್ನದೂ 8 ಅಡಿ ಸೂರು, ಹೆಸರಲ್ಲೇ ಇದೆ. ಹಿಡಿಸುತ್ತದೆ, ಆದರೆ ಅಳತೆ ಹಾಕುವಾಗ ತೊಟ್ಟಿಯನ್ನು ಹೊರಗೆ ಎಳೆಯುವ ಜಾಗವನ್ನೂ ಸೇರಿಸಿ. ಮೋಟರ್, ಬ್ಲೋವರ್, ಸೈಕ್ಲೋನ್, ತೊಟ್ಟಿ ಒಂದರ ಕೆಳಗೆ ಒಂದು ಬಂದಾಗ 7 ಅಡಿ ದಾಟಿಬಿಡುತ್ತದೆ. ಸೂರಿಗೆ ಹಿಡಿಸಲಿ ಅಂತ ಶಂಕುವನ್ನು ತುಂಬಾ ಗಿಡ್ಡ ಮಾಡಿದ ಮಾಡೆಲ್‌ಗಳಿವೆ. ಶಂಕು ಉದ್ದ ಇದ್ದಷ್ಟೂ ಸಣ್ಣ ಪುಡಿ ಚೆನ್ನಾಗಿ ಬೇರೆಯಾಗುತ್ತದೆ. ನಾನಾದರೆ ತೊಟ್ಟಿಯನ್ನು ಗಿಡ್ಡ ಮಾಡುತ್ತೇನೆ, ಶಂಕುವನ್ನಲ್ಲ. ತೊಟ್ಟಿ ಚಿಕ್ಕದಾದರೆ ಬೇಗ ಬೇಗ ಖಾಲಿ ಮಾಡಬೇಕು, ಅಷ್ಟೇ.

ಈಗ ತೊಟ್ಟಿಯ ಬಗ್ಗೆ. ನನ್ನ ಕೇಳಿದರೆ ಇಡೀ ವ್ಯವಸ್ಥೆಯಲ್ಲಿ ಜನ ಅತಿ ಕಮ್ಮಿ ಗಮನ ಕೊಡುವುದು ಇದಕ್ಕೇ. ಸೈಕ್ಲೋನಿನ ತೊಟ್ಟಿಯೊಳಗೆ ಎಳೆತ ಇರುತ್ತದೆ. ಮುಚ್ಚಳದಲ್ಲಿ ಸಣ್ಣ ಸಂದಿ ಇದ್ದರೂ ಹೊರಗಿನ ಗಾಳಿ ಅಲ್ಲಿಂದ ನುಗ್ಗಿ, ಬಿದ್ದ ಪುಡಿಯನ್ನು ಮತ್ತೆ ಮೇಲೆಬ್ಬಿಸಿ ಸೀದಾ ಫಿಲ್ಟರಿಗೆ ಕಳಿಸುತ್ತದೆ. ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತಿದೆ ಅಂದರೆ ಮೊದಲು ನೋಡಬೇಕಾದ್ದು ಮುಚ್ಚಳ.

ನಾನು ಮಾಡುವ ಪರೀಕ್ಷೆ ಸುಲಭ. ತೆಳು ಟಿಶ್ಯೂ ಕಾಗದವನ್ನು ಬೆರಳಗಲ ಹರಿದು, ಬ್ಲೋವರ್ ಓಡುವಾಗ ಮುಚ್ಚಳದ ಅಂಚಿನ ಗುಂಟ ನಿಧಾನವಾಗಿ ಹಿಡಿದುಕೊಂಡು ಹೋಗುತ್ತೇನೆ. ಸಂದಿ ಇರುವ ಕಡೆ ಕಾಗದದ ತುದಿ ಒಳಕ್ಕೆ ಬಾಗಿ ಪಟಪಟ ಅನ್ನುತ್ತದೆ. ಅಲ್ಲಿಗೆ ಪೆನ್ಸಿಲ್ ಗುರುತು, ಆಮೇಲೆ ಫೋಮ್ ಪಟ್ಟಿ. ಶಂಕುವಿನ ಕೆಳಗಿನ ಹೋಸ್ ಕ್ಲ್ಯಾಂಪ್, ನೋಡುವ ಗಾಜು, ಇವುಗಳ ಸುತ್ತಲೂ ಹೀಗೇ ನೋಡಿ.

ತೊಟ್ಟಿಯೊಳಗೆ ಪ್ಲಾಸ್ಟಿಕ್ ಚೀಲ ಹಾಕಿದರೆ ಅದು ಮೇಲಕ್ಕೆ ಹೀರಿಕೊಂಡು ಬರುತ್ತದೆ. ಚೀಲದ ಹಿಂದಿನ ಜಾಗಕ್ಕೂ ಅಷ್ಟೇ ಎಳೆತ ಕೊಡುವ ಸಣ್ಣ ಹೋಸ್ ಇರುವ ಮಾಡೆಲ್‌ಗಳಿವೆ, ಇಲ್ಲವೆಂದರೆ ಒಳಗೆ ತಂತಿ ಪಂಜರ ಇಡಬೇಕು. ತೊಟ್ಟಿಯನ್ನು ಕಂಠಪೂರ್ತಿ ತುಂಬಲು ಬಿಡಬೇಡಿ. ಪುಡಿ ಶಂಕುವಿನ ಬಾಯಿಗೆ ಬಂತು ಅಂದರೆ ಸೈಕ್ಲೋನ್ ಕೆಲಸ ನಿಲ್ಲಿಸಿತು ಅಂತಲೇ ಲೆಕ್ಕ. ಪ್ಲೇನರ್ ಓಡುವ ದಿನ ತೊಟ್ಟಿ ತುಂಬುವುದು ಗೊತ್ತೇ ಆಗುವುದಿಲ್ಲ. ಮಟ್ಟ ತಿಳಿಸುವ ಸೆನ್ಸರ್ ಸಿಕ್ಕರೆ ಹಾಕಿಸಿ.

ಶಬ್ದದ ಬಗ್ಗೆ ಯಾರೂ ಹೇಳಲಿಲ್ಲ. ಚಿಕ್ಕ ಕೋಣೆಯಲ್ಲಿ 80 ಡೆಸಿಬೆಲ್ ದಾಟುವುದು ಸಾಮಾನ್ಯ. ಸದ್ದಿಗೆ ಬೇಸತ್ತು ಕಲೆಕ್ಟರನ್ನೇ ಆನ್ ಮಾಡದೆ ಕೆಲಸ ಮಾಡುವವರನ್ನು ನೋಡಿದ್ದೇನೆ. ಬ್ಲೋವರ್ ಮತ್ತು ಫಿಲ್ಟರ್ ನಡುವೆ ಸೈಲೆನ್ಸರ್ ಇದೆಯಾ ಕೇಳಿ. ಕೈಗೆ ಸಿಗುವ ರಿಮೋಟ್ ಸ್ವಿಚ್ಚೂ ಇರಲಿ.

ಹೊಸಗರಗಸ:

ಪೈಪ್ ಎಳೆಯುವಾಗ ಗಮನಿಸಬೇಕಾದ್ದು ಏನಾದರೂ ಇದೆಯಾ? ಟೇಬಲ್ ಸಾದಲ್ಲಿ ಇರುವುದೇ 4 ಇಂಚಿನ ಬಾಯಿ. 6 ಇಂಚಿನ ಪೈಪ್ ತಂದು ಅಲ್ಲಿ 4ಕ್ಕೆ ಇಳಿಸಿದರೆ ಎಲ್ಲ ವ್ಯರ್ಥ ಆಗಲ್ವಾ?

ಗಾಳಿಲೆಕ್ಕ:

ಒಳ್ಳೆಯ ಪ್ರಶ್ನೆ. ಇಳಿಸಬೇಡಿ, ಒಡೆದು ಎರಡು ಮಾಡಿ. 6 ಇಂಚಿನ ಪೈಪನ್ನು ಗರಗಸದ ಹತ್ತಿರದವರೆಗೂ ತನ್ನಿ. ಅಲ್ಲಿಂದ ಒಂದು 4 ಇಂಚು ಕೆಳಗಿನ ಪೆಟ್ಟಿಗೆಗೆ, ಇನ್ನೊಂದು 4 ಇಂಚು ಬ್ಲೇಡಿನ ಮೇಲಿನ ಗಾರ್ಡ್‌ಗೆ. ಎರಡು 4 ಇಂಚಿನ ಬಾಯಿ ಸೇರಿದರೆ ಒಂದು 6 ಇಂಚಿಗೆ ಹೆಚ್ಚೂ ಕಮ್ಮಿ ಸಮ. ಮೇಲಿನ ಗಾರ್ಡ್‌ನಿಂದ ಎಳೆಯದಿದ್ದರೆ ಎದೆಯ ಕಡೆ ಹಾರುವ ಪುಡಿಯನ್ನು ಎಂಥ ಸೈಕ್ಲೋನೂ ಹಿಡಿಯಲಾರದು.

ತಿರುವಿಗೆ 90 ಡಿಗ್ರಿಯ ಒಂದು ಗಿಡ್ಡ ಎಲ್ಬೋ ಬದಲು 45ರ ಎರಡು ಹಾಕಿ, ನಡುವೆ ತುಂಡು ಪೈಪ್ ಇರಲಿ. ಕವಲಿಗೆ ಟಿ ಬೇಡ, ವೈ ಇರಲಿ. ಸೈಕ್ಲೋನಿನ ಬಾಯಿಯ ಮುಂದೆ ಕೆಲವು ಅಡಿ ನೇರ ಪೈಪ್ ಬಿಡಿ. ಎಲ್ಬೋ ಮುಗಿದ ಕೂಡಲೇ ಸೈಕ್ಲೋನ್ ಬಂದರೆ ಗಾಳಿ ಕದಡಿಕೊಂಡೇ ಒಳಗೆ ಹೋಗುತ್ತದೆ, ಪುಡಿ ಸರಿಯಾಗಿ ಬೇರೆಯಾಗುವುದಿಲ್ಲ. ಒಂದು ಸಲಕ್ಕೆ ಒಂದೇ ಗೇಟ್ ತೆರೆಯಿರಿ.

ನಿಮ್ಮ ಕೈ ಸ್ಯಾಂಡರನ್ನು ಇದಕ್ಕೆ ಜೋಡಿಸಬೇಡಿ. ಅದರ ಬಾಯಿ ಒಂದೂವರೆ ಇಂಚೂ ಇರುವುದಿಲ್ಲ. ಅಷ್ಟು ಕಿರಿದಾದ ದಾರಿಯಲ್ಲಿ ಎಳೆಯಲು ವ್ಯಾಕ್ಯೂಮ್ ಕ್ಲೀನರ್ ಥರದ ಬಲವಾದ ಎಳೆತ ಬೇಕು. ಈ ಬ್ಲೋವರ್‌ಗಳಲ್ಲಿ ಪ್ರಮಾಣ ಇದೆ, ಅಂಥ ಎಳೆತ ಇಲ್ಲ. ಸ್ಯಾಂಡರಿಗೆ ಒಳ್ಳೆಯ ಫಿಲ್ಟರ್ ಇರುವ ಶಾಪ್ ವ್ಯಾಕ್ಯೂಮ್ ಬೇರೆಯೇ ಇರಲಿ, ಅದರ ಮುಂದೆ ಬಕೆಟ್ ಮೇಲೆ ಕೂರುವ ಪುಟ್ಟ ಸೈಕ್ಲೋನ್ ಇಟ್ಟರೆ ಆಯಿತು.

ತಂತಿಮೋಟರ್:

ಅದೇ ಕಲೆಕ್ಟರಿಗೆ ಗ್ರೈಂಡರ್ ಜೋಡಿಸುವುದೂ ಬೇಡ. ಕಬ್ಬಿಣದ ಕಿಡಿ ತೊಟ್ಟಿಯ ಪುಡಿಯೊಳಗೆ ಗಂಟೆಗಟ್ಟಲೆ ಕನಲುತ್ತಾ ಇದ್ದು ರಾತ್ರಿ ಬೆಂಕಿ ಹಿಡಿಯಬಹುದು.

ಹೊಸಗರಗಸ:

ಎಲ್ಲ ಬರೆದಿಟ್ಟುಕೊಂಡೆ. ಸದ್ಯಕ್ಕೆ ನನ್ನ ತೀರ್ಮಾನ ಹೀಗಿದೆ. 3 ಎಚ್‌ಪಿ, ಚಕ್ರ 14 ಇಂಚಿಗಿಂತ ಕಮ್ಮಿ ಇಲ್ಲದ್ದು, 50 ಹರ್ಟ್ಜ್‌ನ ಕರ್ವ್ ಕೊಟ್ಟರೆ ಮಾತ್ರ. ಸೈಕ್ಲೋನ್ ಕೋಣೆಯ ಮೂಲೆಯಲ್ಲಿ, ಅದರ ಹತ್ತಿರವೇ ಟೇಬಲ್ ಸಾ. 6 ಇಂಚಿನ ಪೈಪ್ ಸದ್ಯ ಟೇಬಲ್ ಸಾ, ಪ್ಲೇನರ್, ಬ್ಯಾಂಡ್ ಸಾಗಳಿಗೆ. ರೌಟರ್ ಟೇಬಲ್ ಆಮೇಲೆ. ಕಾರ್ಟ್ರಿಡ್ಜ್ ಫಿಲ್ಟರ್, ಮನೆಯಲ್ಲಿ ಗ್ಯಾಸ್ ಗೀಸರ್ ಇರುವುದರಿಂದ ಹೊರಗೆ ಬಿಡುವ ಯೋಚನೆ ಕೈಬಿಟ್ಟೆ. ಕೊನೆಯದಾಗಿ, ಫಿಲ್ಟರ್ ಯಾವಾಗ ಕ್ಲೀನ್ ಮಾಡಬೇಕು ಅಂತ ತಿಳಿಯುವುದು ಹೇಗೆ?

ಉಸಿರುಮುಖ್ಯ:

ಬ್ಲೋವರ್ ಮತ್ತು ಫಿಲ್ಟರ್ ನಡುವೆ ಸಣ್ಣ ತೂತು ಕೊರೆದು ಒತ್ತಡದ ಮೀಟರ್ ಜೋಡಿಸಿ. ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯನ್ನು ಯು ಆಕಾರದಲ್ಲಿ ಬಗ್ಗಿಸಿ ಅರ್ಧ ಬಣ್ಣದ ನೀರು ತುಂಬಿದರೂ ಸಾಕು. ಹೊಸ ಫಿಲ್ಟರಿನ ದಿನ, ಟೇಬಲ್ ಸಾದ ಗೇಟ್ ಮಾತ್ರ ತೆರೆದು, ನೀರಿನ ಎರಡೂ ಮಟ್ಟದ ನಡುವಿನ ಅಂತರಕ್ಕೆ ಗೆರೆ ಹಾಕಿ. ಮುಂದೆಯೂ ಅದೇ ಗೇಟ್ ತೆರೆದೇ ನೋಡಬೇಕು, ಇಲ್ಲದಿದ್ದರೆ ಹೋಲಿಕೆ ಸರಿಬರುವುದಿಲ್ಲ. ಅಂತರ ಒಂದಿಂಚು ಏರಿದಾಗ ಫಿಲ್ಟರ್ ಬಿಚ್ಚಿ ಹೊರಗೆ ತಗೊಂಡು ಹೋಗಿ, ಮಾಸ್ಕ್ ಹಾಕಿಕೊಂಡು, ಕಮ್ಮಿ ಒತ್ತಡದ ಗಾಳಿಯನ್ನು ಹೊರಗಿನಿಂದ ಒಳಮುಖವಾಗಿ ಊದಿ. ಮಡಿಕೆಗಳನ್ನು ಕೈಯಿಂದ ಬಡಿಯಬೇಡಿ, ಕಾಗದದ ಥರದ ಫಿಲ್ಟರ್ ಆದರೆ ಸೀಳಿಬಿಡುತ್ತದೆ.

ಎಂಟಡಿಸೂರು:

ಪೈಪ್ ಹಾಕಿದ ಮೇಲೆ ಮೀಟರಿನ ಅಂಕಿ, ಪಿಎಂ ಅಂಕಿ ಎರಡನ್ನೂ ಇಲ್ಲೇ ಹಾಕಿ. ನನ್ನ ಕೋಣೆಯ ಅಂಕಿಗಳ ಜೊತೆ ಇಟ್ಟು ನೋಡೋಣ.